ತೋಟ ನೋಡೋಕೆ ಜನ ಬರ್ತಾರೆ, ಈಗಿರೋ ಫಾರ್ಮ್ ಇನ್ಶೂರೆನ್ಸ್ ಸಾಕಾಗುತ್ತಾ?

ಹೊಲದಂಚು

ಎಲ್ಲರಿಗೂ ನಮಸ್ಕಾರ. ನಮ್ಮದು ಹಣ್ಣಿನ ತೋಟ, ಜೊತೆಗೆ ಏಳು ಹಸು, ಒಂದಷ್ಟು ಮೇಕೆ. ಎರಡು ವರ್ಷದಿಂದ ರಜಾದಿನಗಳಲ್ಲಿ ಜನ ಬರೋಕೆ ಶುರು ಮಾಡಿದಾರೆ, ಮೊದಲು ಪರಿಚಯದವರು, ಆಮೇಲೆ ಅವರ ಪರಿಚಯದವರು, ಈಗ ಸ್ಕೂಲ್ ಮಕ್ಕಳೂ ಬರ್ತಾರೆ. ಹಣ್ಣು ಕೀಳ್ತಾರೆ, ಕರುಗಳಿಗೆ ಹುಲ್ಲು ತಿನ್ನಿಸ್ತಾರೆ, ಟ್ರ್ಯಾಕ್ಟರ್ ಟ್ರೈಲರಲ್ಲಿ ಕೂರಿಸ್ಕೊಂಡು ತೋಟ ಒಂದು ಸುತ್ತು ಹಾಕಿಸ್ತೀವಿ. ಪ್ರವೇಶಕ್ಕೆ ಅಂತ ಸ್ವಲ್ಪ ದುಡ್ಡು ತಗೋತೀವಿ.

ಹೋದ ವಾರ ಒಂದು ಸ್ಕೂಲಿನವರು, ಮಕ್ಕಳನ್ನ ಕಳಿಸೋಕೆ ಮುಂಚೆ ನಿಮ್ಮ ಲಯಬಿಲಿಟಿ ಪಾಲಿಸಿ ಕಾಪಿ ಕೊಡಿ ಅಂದ್ರು. ನನ್ನ ಹತ್ರ ಇರೋದು ಶೆಡ್, ಪಂಪ್‌ಸೆಟ್, ಹಸು, ಬೆಳೆ ಇಷ್ಟಕ್ಕೆ ಮಾಡಿಸಿರೋ ಪಾಲಿಸಿ. ಏಜೆಂಟ್‌ಗೆ ಫೋನ್ ಮಾಡಿದ್ರೆ "ಎಲ್ಲಾ ಕವರ್ ಆಗುತ್ತೆ, ಟೆನ್ಶನ್ ಮಾಡ್ಕೋಬೇಡಿ" ಅಂದ್ರು. ಸಮಾಧಾನ ಆಗ್ಲಿಲ್ಲ, ರಾತ್ರಿ ಪಾಲಿಸಿ ತೆಗೆದು ಕೂತು ಓದಿದೆ, ಅಷ್ಟೂ ಪುಟದಲ್ಲಿ ಹೊರಗಿನ ಜನರ ಬಗ್ಗೆ ಇರೋದು ಒಂದೇ ಸಾಲು, ಅದೂ ಯಾವ್ಯಾವ್ದು ಕವರ್ ಆಗಲ್ಲ ಅನ್ನೋ ಭಾಗದಲ್ಲಿ. ಹಣ ಪಡೆದು ನಡೆಸುವ ಚಟುವಟಿಕೆ ಅಂತೇನೋ ಇದೆ. ಅದನ್ನ ಓದಿದ ಮೇಲೆ ನಿದ್ದೆ ಬರ್ಲಿಲ್ಲ. ಮಕ್ಕಳು ಟ್ರೈಲರ್ ಅಂಚಲ್ಲಿ ಕಾಲು ಇಳಿಬಿಟ್ಕೊಂಡು ಕೂತಿರೋ ಫೋಟೋ ನನ್ನ ಫೋನಲ್ಲೇ ಇದೆ, ಅವತ್ತು ಚೆನ್ನಾಗಿದೆ ಅಂತ ತೆಗೆದಿದ್ದೆ.

ಯಾವ ಇನ್ಶೂರೆನ್ಸ್ ತಗೋಬೇಕು, ಏನೇನು ಕೇಳ್ಬೇಕು, ದಯವಿಟ್ಟು ತಿಳಿದವರು ಹೇಳಿ.

ಕ್ಲೇಮ್‌ಪುಸ್ತಕ

ಅಣ್ಣಾ, ನಾನು ಹನ್ನೊಂದು ವರ್ಷ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವನು. ನೀವು ಓದಿದ ಸಾಲೇ ನಿಮ್ಮ ಪ್ರಶ್ನೆಗೆ ಉತ್ತರ. ಏಜೆಂಟ್ ಫೋನಲ್ಲಿ ಹೇಳಿದ ಮಾತು ಕ್ಲೇಮ್ ಟೇಬಲ್ ಮೇಲೆ ಬರಲ್ಲ, ಪಾಲಿಸಿಯಲ್ಲಿ ಅಚ್ಚಾಗಿರೋದು ಮಾತ್ರ ಬರುತ್ತೆ.

ವಿಷಯ ಏನಪ್ಪಾ ಅಂದ್ರೆ ಮಾಮೂಲಿ ಫಾರ್ಮ್ ಪಾಲಿಸಿ ನಿಮ್ಮ ಆಸ್ತಿಗೆ ಆಗೋ ನಷ್ಟ ನೋಡ್ಕೊಳ್ಳುತ್ತೆ, ಶೆಡ್ ಸುಟ್ಟುಹೋಯ್ತು, ಹಸು ಸತ್ತೋಯ್ತು, ಈ ತರ. ಬೇರೆಯವರಿಗೆ ನಿಮ್ಮಿಂದ ಆದ ನಷ್ಟಕ್ಕೆ ನೀವು ಕೊಡಬೇಕಾದ ಪರಿಹಾರ ಬೇರೇನೇ, ಅದಕ್ಕೆ ಬೇಕಾಗಿರೋದು ಪಬ್ಲಿಕ್ ಲಯಬಿಲಿಟಿ. ಕೆಲವು ಫಾರ್ಮ್ ಪಾಲಿಸಿಯಲ್ಲಿ ಲಯಬಿಲಿಟಿ ಸೇರಿರುತ್ತೆ ನಿಜ, ಆದ್ರೆ ಅದು ಬೇಸಾಯದ ಕೆಲಸಕ್ಕೆ, ಅಂದ್ರೆ ಗೊಬ್ಬರ ಇಳಿಸೋಕೆ ಬಂದವನು ಜಾರಿ ಬಿದ್ದ ಅನ್ನೋ ತರದ್ದಕ್ಕೆ. ದುಡ್ಡು ತಗೊಂಡು ಜನರನ್ನ ಒಳಗೆ ಬಿಟ್ಟ ತಕ್ಷಣ ಕಂಪನಿ ಲೆಕ್ಕದಲ್ಲಿ ಅದು ಬೇಸಾಯ ಅಲ್ಲ, ಬೇರೆ ವ್ಯಾಪಾರ. ಹಾಗಂತ ದುಡ್ಡು ತಗೊಳ್ಳದಿದ್ರೆ ಬಚಾವ್ ಅಂತಾನೂ ಅಲ್ಲ, ಕರೆದು ಒಳಗೆ ಬಿಟ್ಟ ಮೇಲೆ ಅವರ ಸುರಕ್ಷತೆ ನೋಡ್ಕೊಳ್ಳೋ ಹೊಣೆ ಬಹಳಷ್ಟು ಕಡೆ ಕಾನೂನು ನಿಮ್ಮ ಮೇಲೇ ಹಾಕುತ್ತೆ.

ನೀವು ಮಾಡ್ಬೇಕಾದ ಮೊದಲ ಕೆಲಸ, ಒಂದು ಹಾಳೆ ತಗೊಂಡು ಬಂದವರು ಗೇಟಿಂದ ಗೇಟಿನವರೆಗೆ ಏನೇನು ಮಾಡ್ತಾರೆ ಅಂತ ಬರೀರಿ. ಗಾಡಿ ಎಲ್ಲಿ ನಿಲ್ಲಿಸ್ತಾರೆ, ಏಣಿ ಹತ್ತುತ್ತಾರಾ, ನೀರಿನ ಹೊಂಡದ ಹತ್ರ ಹೋಗ್ತಾರಾ, ಪ್ರಾಣಿ ಮುಟ್ತಾರಾ, ರಾತ್ರಿ ಉಳ್ಕೋತಾರಾ, ಬೆಳೆದಿದ್ದನ್ನ ತಿನ್ನೋಕೆ ಕೊಡ್ತೀರಾ, ಒಂದು ದಿನಕ್ಕೆ ಹೆಚ್ಚು ಅಂದ್ರೆ ಎಷ್ಟು ಜನ, ಎಲ್ಲಾನೂ. ಅದನ್ನ ಇಮೇಲ್‌ನಲ್ಲಿ ಕಂಪನಿಗೆ ಕಳಿಸಿ ಇದರಲ್ಲಿ ಯಾವ್ದು ಕವರ್ ಆಗುತ್ತೆ ಯಾವ್ದು ಆಗಲ್ಲ ಅಂತ ಬರವಣಿಗೆಯಲ್ಲೇ ಉತ್ತರ ಕೇಳಿ. ಪ್ರೀಮಿಯಂ ಜಾಸ್ತಿ ಆಗುತ್ತೆ ಅಂತ ಒಂದನ್ನೂ ಬಚ್ಚಿಡಬೇಡಿ. ಬಚ್ಚಿಟ್ಟಿದ್ದು ಆಮೇಲೆ ಗೊತ್ತಾದ್ರೆ ಆ ಒಂದು ಕ್ಲೇಮ್ ಅಲ್ಲ, ಪೂರ್ತಿ ಪಾಲಿಸಿನೇ ರದ್ದು ಮಾಡೋ ಅವಕಾಶ ಕಂಪನಿಗೆ ಸಿಗಬಹುದು. ನಾನು ನೋಡಿದ ತಿರಸ್ಕೃತ ಕ್ಲೇಮ್‌ಗಳಲ್ಲಿ ಮೋಸ ಮಾಡಿದವರು ಕಮ್ಮಿ, ಹೇಳೋದು ಬಿಟ್ಟುಹೋದವರೇ ಜಾಸ್ತಿ. ಅದೇ ಹೊಟ್ಟೆ ಉರಿಯೋ ವಿಷಯ.

ಬೇಲಿಹೂವು

ಮೇಲಿನ ಸರ್ ಹೇಳಿದ್ದು ಅಕ್ಷರಶಃ ಸತ್ಯ, ನಾನೇ ಅನುಭವಿಸಿದೀನಿ ಅದಕ್ಕೆ ಬರೀತಿದೀನಿ.

ನಮ್ಮಲ್ಲಿ ಪಬ್ಲಿಕ್ ಲಯಬಿಲಿಟಿ ಇತ್ತು, ಕಾಗದದಲ್ಲಿ "ತೋಟ ವೀಕ್ಷಣೆ, ಹಣ್ಣು ಕೊಯ್ಲು" ಅಂತ ಬರೆಸಿದ್ವಿ. ಆಮೇಲೆ ಮಕ್ಕಳು ಕೇಳ್ತಾರೆ ಅಂತ ಟ್ರೈಲರ್ ಸವಾರಿ ಶುರು ಮಾಡಿದ್ವಿ, ಕಂಪನಿಗೆ ಹೇಳ್ಬೇಕು ಅನ್ನೋದು ಹೊಳೀಲೇ ಇಲ್ಲ. ಒಂದಿನ ಇಳಿಯೋವಾಗ ಟ್ರೈಲರಿನ ಹಿಂದಿನ ಹಲಗೆಯ ಕೊಂಡಿ ಕಳಚ್ಕೊಂಡು ಹಲಗೆ ದಡ್ ಅಂತ ಕೆಳಗೆ ಬಿತ್ತು, ಅದನ್ನ ಹಿಡ್ಕೊಂಡಿದ್ದ ಒಂಬತ್ತು ವರ್ಷದ ಹುಡುಗಿ ಮುಂದಕ್ಕೆ ಬಿದ್ದು ಮುಂಗೈ ಮೂಳೆ ಮುರೀತು. ಆ ಕೊಂಡಿಗೆ ಪಿನ್ ಬದಲು ನಾವು ತಂತಿ ಸುತ್ತಿದ್ವಿ. ಆ ತಂತಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ, ತುಕ್ಕು ಹಿಡಿದು ಎರಡು ಸುತ್ತು ಮಾತ್ರ ಉಳ್ಕೊಂಡಿತ್ತು.

ಕ್ಲೇಮ್ ಹಾಕಿದ್ವಿ, ಇನ್ಶೂರೆನ್ಸ್ ಕಂಪನಿಯವರು ಬಂದು ನೋಡ್ಕೊಂಡು ಹೋದ್ರು, ಒಂದೂವರೆ ತಿಂಗಳಿಗೆ ಪತ್ರ ಬಂತು, ಟ್ರೈಲರ್ ಸವಾರಿ ಘೋಷಿಸಿದ ಚಟುವಟಿಕೆ ಅಲ್ಲ ಅಂತ. ಟ್ರ್ಯಾಕ್ಟರಿನ ವಾಹನ ವಿಮೆಯಲ್ಲಿ ಕೇಳಿದ್ರೆ ಅದು ಕೃಷಿ ಬಳಕೆಗೆ, ಜನ ಸಾಗಿಸೋಕೆ ಅಲ್ಲ ಅಂದ್ರು. ಎರಡು ಪಾಲಿಸಿ ಇದ್ದೂ ಮಧ್ಯದ ಸಂದಿಗೆ ಬಿದ್ವಿ. ಆಪರೇಷನ್ ಖರ್ಚು ಪೂರ್ತಿ ಕೈಯಿಂದ ಕೊಟ್ವಿ, ಕೊಡಬೇಕಾಗಿದ್ದೂ ನಾವೇ, ಅದರಲ್ಲಿ ಎರಡು ಮಾತಿಲ್ಲ. ಮಗುವಿನ ಕೈ ಸರಿಹೋಯ್ತು ಅನ್ನೋದೇ ದೊಡ್ಡದು.

ಹೊಲದಂಚು ಅವರೇ, ಕೈ ಮುಗಿದು ಕೇಳ್ತೀನಿ, ಬರವಣಿಗೆಯಲ್ಲಿ ಉತ್ತರ ಬರೋವರೆಗೆ ಟ್ರೈಲರ್ ಓಡಿಸಬೇಡಿ. ಶುರು ಮಾಡಿದ್ರೂ ಸುತ್ತ ಗಟ್ಟಿ ಕಂಬಿ, ಒಳಗೆ ಬೆಂಚು, ಜೊತೆಗೊಬ್ಬ ದೊಡ್ಡವರು, ನಡೆಯೋ ವೇಗ, ಇಳಿಜಾರಿಗೆ ಹೋಗೋದೇ ಬೇಡ. ಕಾಲು ಇಳಿಬಿಟ್ಟು ಕೂರೋದಂತೂ ಇವತ್ತಿಂದಾನೇ ನಿಲ್ಲಿಸಿ.

ತೋಟಗಾಳಿ

ಇಷ್ಟೆಲ್ಲಾ ಯಾಕೆ? ಗೇಟಲ್ಲೇ ಒಂದು ಫಾರಂಗೆ ಸಹಿ ಹಾಕಿಸ್ಕೊಳ್ಳಿ, ಏನಾದ್ರೂ ಆದ್ರೆ ನಾವು ಜವಾಬ್ದಾರರಲ್ಲ ಅಂತ. ನಮ್ಮ ಪರಿಚಯದವರು ಅಷ್ಟೇ ಮಾಡೋದು, ಇನ್ಶೂರೆನ್ಸ್ ದುಡ್ಡು ಉಳೀತು.

ಕ್ಲೇಮ್‌ಪುಸ್ತಕ

ತೋಟಗಾಳಿ ಅವರೇ, ಸಹಿ ಹಾಕಿಸ್ಕೊಳ್ಳೋದು ಒಳ್ಳೇದೇ, ಬಂದವರಿಗೆ ಅಪಾಯ ಏನು ಅಂತ ಮೊದಲೇ ತಿಳಿಸಿದ್ವಿ ಅನ್ನೋದಕ್ಕೆ ಸಾಕ್ಷಿ ಆಗುತ್ತೆ. ಆದ್ರೆ ಅದನ್ನ ಇನ್ಶೂರೆನ್ಸ್ ಬದಲಿಗೆ ಇಟ್ಕೋಬೇಡಿ. ನಿಮ್ಮ ಅಜಾಗರೂಕತೆಯಿಂದ ಆಗಿದ್ದಕ್ಕೆ ಆ ಸಹಿ ಅನೇಕ ದೇಶಗಳ ಕೋರ್ಟಲ್ಲಿ ನಿಲ್ಲಲ್ಲ, ಅದರಲ್ಲೂ ಮಕ್ಕಳ ಪರವಾಗಿ ಅಪ್ಪ ಅಮ್ಮ ಹಾಕಿದ ಸಹಿ ಇನ್ನೂ ದುರ್ಬಲ.

ಅಮೆರಿಕದಲ್ಲಿ ಇದಕ್ಕೇ ಅಂತ ಕಾನೂನು ಮಾಡಿರೋ ರಾಜ್ಯಗಳಿವೆ, ಕಾನ್ಸಾಸ್ 2004ರಲ್ಲಿ, ವರ್ಜೀನಿಯಾ 2006ರಲ್ಲಿ. ಎಚ್ಚರಿಕೆ ಬೋರ್ಡ್ ಹಾಕಿದ್ರೆ, ನೆಲ ಉಬ್ಬುತಗ್ಗು ಇರೋದು, ಪ್ರಾಣಿ ದಿಢೀರಂತ ಬೆದರೋದು, ಇಂಥ ಸಹಜ ಅಪಾಯಗಳಿಗೆ ರೈತನ ಹೊಣೆ ಇಲ್ಲ ಅನ್ನೋದು ಅದರ ತಿರುಳು. ಅಲ್ಲೂ ಸಹ, ಕೊಂಡಿ ಸಡಿಲ ಇದೆ ಅಂತ ಗೊತ್ತಿದ್ದೂ ಬಿಟ್ಟಿದ್ರೆ ಆ ಬೋರ್ಡ್ ಕಾಪಾಡಲ್ಲ. ಇನ್ನೊಂದು, ನೀವು ತಪ್ಪೇ ಮಾಡಿಲ್ಲ ಅಂದ್ರೂ ಅದನ್ನ ಸಾಬೀತು ಮಾಡೋಕೆ ವಕೀಲರು ಬೇಕು. ಆ ಖರ್ಚು ಕೊಡೋದೂ ಲಯಬಿಲಿಟಿ ಪಾಲಿಸಿಯ ಕೆಲಸಾನೇ. ವಕೀಲರ ಖರ್ಚು ವಿಮಾ ಮೊತ್ತದ ಒಳಗೆ ಕಳೀತಾರಾ, ಅದರ ಮೇಲೆ ಬೇರೆ ಕೊಡ್ತಾರಾ ಅಂತ ಕೇಳ್ಕೊಳ್ಳಿ, ಒಳಗೇ ಕಳೆದ್ರೆ ಪರಿಹಾರಕ್ಕೆ ಅಂತ ಉಳಿಯೋದು ಕಮ್ಮಿ ಆಗುತ್ತೆ. ಹಾಗೇ ಒಂದು ಅಪಘಾತಕ್ಕೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು ಅನ್ನೋ ಎರಡು ಮಿತಿ ಇರುತ್ತೆ, ಎರಡನ್ನೂ ನೋಡಿ. ಸ್ಕೂಲ್ ಬಸ್ ತುಂಬಾ ಮಕ್ಕಳು ಬರೋ ಜಾಗಕ್ಕೆ ಸಣ್ಣ ಮಿತಿ ಸಾಲಲ್ಲ.

ಗೋಮಾಳ

ನಾನು ಪಶುವೈದ್ಯ. ಎಲ್ಲರೂ ಬೀಳೋದು ಮುರಿಯೋದರ ಬಗ್ಗೆನೇ ಮಾತಾಡ್ತಿದೀರಿ, ಕಣ್ಣಿಗೆ ಕಾಣದ್ದನ್ನ ಮರೀಬೇಡಿ.

2009ರಲ್ಲಿ ಇಂಗ್ಲೆಂಡಿನ ಸರ್ರೆ ಕೌಂಟಿಯಲ್ಲಿ ಹೀಗೇ ಜನ ಪ್ರಾಣಿ ಮುಟ್ಟೋಕೆ ಬರ್ತಿದ್ದ ಒಂದು ಫಾರ್ಮಿಂದ ಇ. ಕೋಲೈ ಓ157 ಅನ್ನೋ ಬ್ಯಾಕ್ಟೀರಿಯಾ ಹರಡಿ 93 ಜನ ಕಾಯಿಲೆ ಬಿದ್ರು, ಬಹುಪಾಲು ಚಿಕ್ಕ ಮಕ್ಕಳು, ಕೆಲವರ ಕಿಡ್ನಿಗೇ ಪೆಟ್ಟು ಬಿತ್ತು. ಹಸು, ಮೇಕೆ, ಕುರಿ ನೋಡೋಕೆ ಗಟ್ಟಿಮುಟ್ಟಾಗೇ ಇರ್ತವೆ, ಕರುಳಲ್ಲಿ ಈ ಬ್ಯಾಕ್ಟೀರಿಯಾ ಇಟ್ಕೊಂಡಿರ್ತವೆ. ಮಗು ಕರುವಿನ ಬೆನ್ನು ಸವರುತ್ತೆ, ಅದೇ ಬೆರಳು ಬಾಯಿಗೆ ಹೋಗುತ್ತೆ, ಅಷ್ಟೇ ಸಾಕು. ಲಕ್ಷಣ ಕಾಣೋದು ಸಾಮಾನ್ಯವಾಗಿ ಮೂರ್ನಾಲ್ಕು ದಿನ ಬಿಟ್ಟು, ಅಷ್ಟೊತ್ತಿಗೆ ಆ ಮೇಲೆ ಬಂದ ಬ್ಯಾಚೂ ಮುಟ್ಟಿ ಹೋಗಿರುತ್ತೆ.

ಹಾಗಾಗಿ ಪಾಲಿಸಿಯಲ್ಲಿ ಸಾಂಕ್ರಾಮಿಕ ರೋಗವನ್ನ ಹೊರಗಿಡೋ ಷರತ್ತು ಇದೆಯಾ ಅಂತ ಹುಡುಕಿ ನೋಡಿ, ತುಂಬಾ ಪಾಲಿಸಿಗಳಲ್ಲಿ ಇರುತ್ತೆ. ಕೊಟ್ಟಿಗೆಯಿಂದ ಹೊರಗೆ ಬರೋ ದಾರಿಯಲ್ಲೇ ಹರಿಯೋ ನೀರು, ಸೋಪು ಇಡಿ, ನಲ್ಲಿ ಚಿಕ್ಕ ಮಕ್ಕಳ ಕೈಗೆಟುಕೋ ಎತ್ತರದಲ್ಲಿರಲಿ. ಸ್ಯಾನಿಟೈಸರ್ ಬಾಟಲಿ ಇಟ್ಟು ಮುಗೀತು ಅನ್ಕೋಬೇಡಿ, ಸಗಣಿ ಮೆತ್ತಿದ ಕೈಗೆ ಅದು ನಾಟಲ್ಲ. ತಿನ್ನೋ ಜಾಗ ಕೊಟ್ಟಿಗೆಯಿಂದ ದೂರ, ಕೈ ತೊಳೆದ ಮೇಲೇ ಅಲ್ಲಿಗೆ ಹೋಗೋ ಹಾಗಿರಲಿ. ಭೇದಿ ಆಗ್ತಿರೋ ಕರುವನ್ನ ಅವತ್ತು ಯಾರ ಕಣ್ಣಿಗೂ ಬೀಳದ ಹಾಗೆ ಬೇರೆ ಕಟ್ಟಿ.

ಹೊಲದಂಚು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೇಲಿಹೂವು ಅಕ್ಕ, ನಿಮ್ಮ ಪೋಸ್ಟ್ ಓದಿದ ತಕ್ಷಣ ಎದ್ದು ಹೋಗಿ ನಮ್ಮ ಟ್ರೈಲರ್ ನೋಡ್ಕೊಂಡು ಬಂದೆ. ಒಂದು ಕಡೆ ಪಿನ್ ಇದೆ, ಇನ್ನೊಂದು ಕಡೆ ಮೊಳೆ ಬಗ್ಗಿಸಿ ಸಿಕ್ಕಿಸಿದಾರೆ. ಸವಾರಿ ನಿಲ್ಲಿಸಿದೀನಿ.

ಪಟ್ಟಿ ಬರೆದು ಕಂಪನಿಗೆ ಇಮೇಲ್ ಹಾಕಿದ್ದೆ, ಉತ್ತರ ಬಂತು: ಈಗಿನ ಪಾಲಿಸಿಯಲ್ಲಿ ವಿಸಿಟರ್ಸ್‌ಗೆ ಸಂಬಂಧಪಟ್ಟಿದ್ದು ಯಾವ್ದೂ ಇಲ್ಲ, ಪಬ್ಲಿಕ್ ಲಯಬಿಲಿಟಿ ಬೇರೆ ತಗೋಬೇಕು, ತೋಟಕ್ಕೆ ಬಂದು ನೋಡಿ ಹೇಳ್ತೀವಿ ಅಂತ. ಸ್ಕೂಲಿನವರಿಗೂ ಇರೋದನ್ನ ಇದ್ದ ಹಾಗೆ ಹೇಳಿದೆ, ಪಾಲಿಸಿ ಆದ ಮೇಲೆ ಬರ್ತೀವಿ ಅಂದ್ರು. ಎರಡು ಡೌಟ್ ಉಳಿದಿದೆ. ರಜೆಯಲ್ಲಿ ಒಬ್ಬರು ಅವರದ್ದೇ ಕುದುರೆ ತಂದು ಮಕ್ಕಳನ್ನ ಕೂರಿಸ್ತಾರೆ, ಅದು ನನ್ನ ತಲೆಗೆ ಬರುತ್ತಾ? ಮತ್ತೆ ಗುಂಪು ಸುತ್ತಿಸೋಕೆ ಬರೋ ಹುಡುಗರಿಗೆ ಏಟಾದ್ರೆ?

ಕ್ಲೇಮ್‌ಪುಸ್ತಕ

ಕುದುರೆಯವರು ಅವರದ್ದೇ ಲಯಬಿಲಿಟಿ ಪಾಲಿಸಿ ಮಾಡಿಸಿರಬೇಕು, ಅದರಲ್ಲಿ ಕವರ್ ಸಿಗೋರ ಪಟ್ಟಿಗೆ ನಿಮ್ಮ ಫಾರ್ಮಿನ ಹೆಸರನ್ನೂ ಸೇರಿಸಬೇಕು, ಆ ಸರ್ಟಿಫಿಕೇಟ್ ಕೈಗೆ ಬರೋವರೆಗೆ ಕುದುರೆ ಒಳಗೆ ಬಿಡಬೇಡಿ. ಬಿದ್ದ ಮಗುವಿನ ಮನೆಯವರು ಕುದುರೆ ಯಾರದ್ದು ಅಂತ ಹುಡುಕಲ್ಲ, ಜಾಗ ಯಾರದ್ದೋ ಅವರನ್ನೇ ಮೊದಲು ಕೇಳ್ತಾರೆ. ಕೆಲಸದ ಹುಡುಗರಿಗೆ ಪಬ್ಲಿಕ್ ಲಯಬಿಲಿಟಿ ಬರಲ್ಲ, ಅವರಿಗೆ ಕಾರ್ಮಿಕ ಪರಿಹಾರದ ವಿಮೆ ಬೇರೆ ಮಾಡಿಸ್ಬೇಕು, ಸಂಬಳ ಇಲ್ದೆ ಸುಮ್ನೆ ಸಹಾಯಕ್ಕೆ ಬರೋರಿದ್ರೆ ಅವರನ್ನ ಯಾವುದರಲ್ಲಿ ಸೇರಿಸ್ತೀರಿ ಅಂತ ಕೇಳಿ ಬರೆಸ್ಕೊಳ್ಳಿ.

ತೋಟ ನೋಡೋಕೆ ಇನ್ಶೂರೆನ್ಸ್ ಕಂಪನಿಯವರು ಬರೋ ಮುಂಚೆ ಆ ಮೊಳೆ ಬಗ್ಗಿಸಿರೋ ಕಡೆ ಹೊಸ ಪಿನ್ ಹಾಕಿಸಿ, ಯಾವತ್ತು ಹಾಕಿಸಿದ್ರಿ ಅನ್ನೋದನ್ನ ಒಂದು ನೋಟ್‌ಬುಕ್ಕಲ್ಲಿ ಬರೆದು ತೋರಿಸಿ. ಆ ನೋಟ್‌ಬುಕ್ ಅಲ್ಲಿಗೇ ನಿಲ್ಲಿಸಬೇಡಿ, ಪ್ರತಿ ಸಲ ಜನ ಬರೋ ಮುಂಚೆ ಒಂದು ಸುತ್ತು ಹಾಕಿ ಬೇಲಿ, ಏಣಿ, ಹೊಂಡದ ಗೇಟು ನೋಡಿ ತಾರೀಖು ಹಾಕಿ ಬರೀತಾ ಹೋಗಿ.

ಹೊಲದಂಚು

ಆಯ್ತು ಸರ್. ಪಿನ್ ಇವತ್ತೇ ತರ್ತೀನಿ.