ಗೆರ್ನಿಕಾ ಎಲ್ಲರಿಗೂ ಗೊತ್ತು, ಡುರಾಂಗೊ ಯಾಕೆ ಯಾರಿಗೂ ಗೊತ್ತಿಲ್ಲ?

ಸುಮಾ_ತುಮಕೂರು:
ಎಲ್ಲರಿಗೂ ನಮಸ್ಕಾರ. ಡಿಗ್ರಿ ಹುಡುಗ್ರಿಗೆ ಸ್ಪೇನ್ ಅಂತರ್ಯುದ್ಧ ಪಾಠ ಮಾಡೋವಾಗ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ನನ್ನನ್ನ ಬಿಡ್ತಾನೇ ಇಲ್ಲ. 1937ರ ಏಪ್ರಿಲ್ 26ಕ್ಕೆ ಗೆರ್ನಿಕಾ ಮೇಲೆ ಬಾಂಬ್ ಹಾಕಿದ್ದು ಎಲ್ಲಾ ಟೆಕ್ಸ್ಟ್‌ಬುಕ್ಕಲ್ಲೂ ಇದೆ. ಆದ್ರೆ ಅದಕ್ಕೆ ಒಂದು ತಿಂಗಳು ಮುಂಚೆ ಕೂಡ ಅಲ್ಲ, ಮಾರ್ಚ್ 31ಕ್ಕೆ, ಅಲ್ಲೇ ಹತ್ರದ ಡುರಾಂಗೊ ಅನ್ನೋ ಊರಿನ ಮೇಲೆ ಇಟಲಿ ವಿಮಾನಗಳು ಬಾಂಬ್ ಹಾಕಿದ್ವು, ಬೆಳಿಗ್ಗೆ ಚರ್ಚಲ್ಲಿ ಬಲಿಪೂಜೆ ನಡೀತಿರೋವಾಗ್ಲೇ, ಪೂಜೆ ಮಾಡ್ತಿದ್ದ ಪಾದ್ರಿನೂ ಸತ್ರು, ಊರಲ್ಲಿ ಒಟ್ಟು 250ಕ್ಕೂ ಹೆಚ್ಚು ಜನ ಹೋದ್ರು. ಎರಡೂ ಸ್ಪೇನಿನ ಉತ್ತರಕ್ಕಿರೋ ಬಾಸ್ಕ್ ಸೀಮೆ ಊರೇ, ಎರಡು ಸಲವೂ ಚುನಾಯಿತ ರಿಪಬ್ಲಿಕ್ ಸರ್ಕಾರದ ವಿರುದ್ಧ ದಂಗೆ ಎದ್ದಿದ್ದ ಜನರಲ್ ಫ್ರಾಂಕೋ ಪರ ಬಂದ ವಿಮಾನಗಳೇ. ಒಂದು ಜಗತ್ತಿಗೆಲ್ಲಾ ಗೊತ್ತು, ಇನ್ನೊಂದು ಯಾಕಿಲ್ಲ ಮೇಡಂ ಅಂದ್ಲು. ಪಿಕಾಸೋ ಚಿತ್ರ ಬರೆದಿದ್ದಕ್ಕೆ ಅಂತ ಹೇಳಿ ಮುಗಿಸಬಹುದಿತ್ತು, ಆದ್ರೆ ಪ್ಯಾರಿಸ್‌ನಲ್ಲಿದ್ದ ಪಿಕಾಸೋಗೆ ಗೊತ್ತಾಗಿದ್ದೂ ಪೇಪರ್ ನೋಡೇ ಅಲ್ವಾ? ವಿದೇಶಿ ಪತ್ರಕರ್ತರು ಆಗ ಹೇಗೆ ಕೆಲಸ ಮಾಡ್ತಿದ್ರು ಅಂತ ಗೊತ್ತಿರೋರು ದಯವಿಟ್ಟು ಬರೀರಿ.

ಗಿರೀಶ್_ಭಟ್:
ಸುಮಾ ಮೇಡಂ, ಮುಖ್ಯ ಕಾರಣ ಒಂದೇ, ಅವತ್ತು ರಾತ್ರಿ ಅಲ್ಲಿಗೆ ಹೋದೋರು ಯಾರು ಅನ್ನೋದು. ಲಂಡನ್ನಿನ ಟೈಮ್ಸ್ ಪತ್ರಿಕೆಯ ಜಾರ್ಜ್ ಸ್ಟೀರ್, ಡೈಲಿ ಎಕ್ಸ್‌ಪ್ರೆಸ್‌ನ ನೋಯೆಲ್ ಮಾಂಕ್ಸ್, ರಾಯ್ಟರ್ಸ್‌ನ ಕ್ರಿಸ್ಟೋಫರ್ ಹೋಮ್, ಬೆಲ್ಜಿಯಂನ ಮಾಥ್ಯೂ ಕೊರ್ಮಾನ್, ಇವರೆಲ್ಲಾ ಹತ್ರದ ದೊಡ್ಡ ಊರಾದ ಬಿಲ್ಬಾವೊದಲ್ಲಿ ಊಟಕ್ಕೆ ಕೂತಿದ್ದಾಗ ಗೆರ್ನಿಕಾ ಹೊತ್ತಿ ಉರೀತಿದೆ ಅಂತ ಸುದ್ದಿ ಬಂತು, ಊಟ ಬಿಟ್ಟು ಕಾರು ಹತ್ತಿ ಹೋದ್ರು, ಬೆಂಕಿ ಆರೋಕೆ ಮುಂಚೆನೇ ಊರಲ್ಲಿದ್ರು. ಬದುಕುಳಿದವರ ಹತ್ರ ಅಲ್ಲೇ ಮಾತಾಡಿದ್ರು. ಸ್ಟೀರ್ ವರದಿ ಏಪ್ರಿಲ್ 28ಕ್ಕೆ ಟೈಮ್ಸಲ್ಲೂ ನ್ಯೂಯಾರ್ಕ್ ಟೈಮ್ಸಲ್ಲೂ ಬಂತು. ಅದರಲ್ಲಿ ಅಳು ಕಮ್ಮಿ, ಲೆಕ್ಕ ಜಾಸ್ತಿ. ಅವತ್ತು ಸೋಮವಾರ, ಸಂತೆ ದಿನ. ಮೊದಲು ದೊಡ್ಡ ಬಾಂಬ್, ಆಮೇಲೆ ಓಡೋ ಜನರ ಮೇಲೆ ಕೆಳಗೆ ಹಾರಿಕೊಂಡು ಬಂದು ಮೆಷಿನ್ ಗನ್, ಆಮೇಲೆ ಬೆಂಕಿ ಹಚ್ಚೋ ಬಾಂಬ್, ಹೀಗೆ ಸಾಯಂಕಾಲ ನಾಲ್ಕೂವರೆಯಿಂದ ಮೂರು ಗಂಟೆಗೂ ಹೆಚ್ಚು ಹೊತ್ತು. ಊರ ಹೊರಗಿನ ಆಯುಧ ಕಾರ್ಖಾನೆಗೆ ಏನೂ ಆಗಿಲ್ಲ ಅಂತಾನೂ ಬರೆದ. ಎಲ್ಲಕ್ಕಿಂತ ಮುಖ್ಯ, ಜರ್ಮನ್ ಮುದ್ರೆ ಇದ್ದ ಬಾಂಬ್ ಚಿಪ್ಪುಗಳನ್ನ ಕಣ್ಣಾರೆ ನೋಡಿ ಅದನ್ನ ಬರೆದ. ಯುರೋಪಿನ ಹೆಚ್ಚುಕಮ್ಮಿ ಎಲ್ಲಾ ಸರ್ಕಾರಗಳೂ ನಾವು ಸ್ಪೇನ್ ವಿಷಯಕ್ಕೆ ತಲೆ ಹಾಕಲ್ಲ ಅಂತ ಒಪ್ಪಿಕೊಂಡಿದ್ದ ಕಾಲ ಅದು, ಹಿಟ್ಲರ್ ಕೂಡ ಒಪ್ಪಿದ್ದ. ಸುದ್ದಿ ಅಷ್ಟು ದೊಡ್ಡದಾಗಿದ್ದು ಅದಕ್ಕೆ. ಸ್ಟೀರ್ ಆ ಸಲ ಬಿಲ್ಬಾವೊಗೆ ಬಂದಿದ್ದೇ ಏಪ್ರಿಲ್‌ನಲ್ಲಿ, ಡುರಾಂಗೊ ಆದಮೇಲೆ.

ಧಾರವಾಡ_ಮಂದಿ:
ಮೇಡಂ ರೀ, ಸತ್ತವರ ಲೆಕ್ಕ ಒಂದೀಟು ಮುಂದಿಟ್ಕೊಂಡು ನೋಡ್ರಿ. ಗೆರ್ನಿಕಾದಾಗ 1,654 ಮಂದಿ ಸತ್ತರು ಅಂತ ಬಾಸ್ಕ್ ಸರ್ಕಾರ ಆವಾಗ ಹೇಳಿತ್ತು. ಈಗಿನ ಇತಿಹಾಸಕಾರರಾಗ ಭಾಳ ಮಂದಿ 150ರಿಂದ 300ರ ಒಳಗ ಅಂತಾರ. ಅಂದ್ರ ಡುರಾಂಗೊಕ್ಕೂ ಗೆರ್ನಿಕಾಕ್ಕೂ ಸಾವಿನಾಗ ಅಂಥಾ ಫರಕ್ ಏನಿಲ್ಲ! ಫರಕ್ ಆಗಿದ್ದು ಬರದವರಿಂದ, ಮತ್ತ ಸುಳ್ಳು ಹೇಳಿದವರಿಂದ ಸುದ್ದೆ. ಫ್ರಾಂಕೋ ಕಡೆಯವರು ಮರುದಿನಾನ ರೇಡಿಯೋದಾಗ ನಮ್ಮ ವಿಮಾನ ಅವತ್ತು ಹಾರೇ ಇಲ್ಲ, ಹಿಂದ ಸರಕೋತ ಹೋಗೋ ಕೆಂಪಿನವರು, ಅಂದ್ರ ರಿಪಬ್ಲಿಕ್ ಕಡೆಯವರು, ತಾವ ಊರಿಗೆ ಬೆಂಕಿ ಹಚ್ಯಾರ ಅಂದರು. 29ಕ್ಕ ಊರು ಅವರ ಕೈಗೆ ಬಂತು, ತಮ್ಮ ಕಡೆ ಇದ್ದ ವಿದೇಶಿ ವರದಿಗಾರರನ್ನ ತಾವ ಕರಕೊಂಡು ಹೋಗಿ ಸುಟ್ಟ ಗ್ವಾಡಿ ತೋರಿಸಿದರು, ಅವರಾಗ ಕೆಲವರು ಹಂಗ ಬರದರು. ಆ ವಾದ ತಿಂಗಳಗಟ್ಟಲೆ ನಡೀತು, ವಾದ ನಡದಷ್ಟೂ ಊರಿನ ಹೆಸರು ಪೇಪರಿನಾಗ ಉಳೀತು. ಜರ್ಮನಿ ರಾಷ್ಟ್ರಾಧ್ಯಕ್ಷರು ಬದುಕುಳಿದವರಿಗೆ ಪತ್ರ ಬರದು ಹೌದು ನಮ್ಮ ವಿಮಾನಾನ ಅಂತ ಒಪ್ಪಿಕೊಂಡಿದ್ದು 1997ಕ್ಕ, 60 ವರ್ಷ ಆದಮ್ಯಾಲ. ನನಗ ಇದನ್ನ ಓದಿದಾಗೆಲ್ಲಾ ಹೊಟ್ಟಿ ಉರೀತೈತ್ರಿ, ಅಷ್ಟೊತ್ತಿಗೆ ಎಷ್ಟು ಮಂದಿ ಆ ಮಾತು ಕೇಳಲಾರದ ಹೋಗಿಬಿಟ್ಟಿದ್ದರು.

ನಂದಿನಿ_ಕೆ:
ನಾನು ಮ್ಯಾಡ್ರಿಡ್ ಬಗ್ಗೆ ಸೇರಿಸ್ತೀನಿ, ಯಾಕಂದ್ರೆ ವರದಿಗಾರ ಬರೆದ ಮಾತ್ರಕ್ಕೆ ಓದುಗರ ಕೈಗೆ ಬರುತ್ತೆ ಅಂತ ಇರ್ಲಿಲ್ಲ. ಗ್ರಾನ್ ವಿಯಾ ರಸ್ತೆಯ ಟೆಲಿಫೋನಿಕಾ ಕಟ್ಟಡದಿಂದಾನೇ ಎಲ್ಲರೂ ಸುದ್ದಿ ಕಳಿಸ್ಬೇಕು, ಆಗ ಊರಲ್ಲೇ ಎತ್ತರದ ಕಟ್ಟಡ, ಹಾಗಾಗಿ ಫ್ರಾಂಕೋ ಫಿರಂಗಿಗಳಿಗೂ ಅದೇ ಗುರಿ. ಬರೆದಿದ್ದನ್ನ ಮೊದಲು ಸೆನ್ಸಾರ್‌ಗೆ ತೋರಿಸಿ ಸೀಲ್ ಹಾಕಿಸ್ಕೊಂಡು ಆಮೇಲೆ ಫೋನಲ್ಲಿ ಓದ್ಬೇಕು, ಪಕ್ಕದಲ್ಲಿ ಒಬ್ರು ಕೇಳಿಸ್ಕೊಳ್ತಾ ಕೂತಿರ್ತಾರೆ, ಸೀಲ್ ಬಿದ್ದಿದ್ದು ಬಿಟ್ಟು ಒಂದು ಮಾತು ಜಾಸ್ತಿ ಆದ್ರೂ ಲೈನ್ ಕಟ್. ಇದು ರಿಪಬ್ಲಿಕ್ ಕಡೆಯ ಕಥೆ, ಅಂದ್ರೆ ನಾವು ಸಹಾನುಭೂತಿ ತೋರಿಸೋ ಕಡೆಯದ್ದೇ, ಹುಡುಗರಿಗೆ ಇದನ್ನೂ ಹೇಳಿ.

ಇನ್ನು ಆ ಕಡೆ ಆಫೀಸಲ್ಲಿ ಕೂತಿರೋ ಸಂಪಾದಕರು. ಪ್ಯಾರಿಸ್‌ನ ಪ್ಯಾರಿ-ಸ್ವಾರ್ ಪತ್ರಿಕೆಯ ವರದಿಗಾರ ಲೂಯಿ ಡೆಲಪ್ರೆ 1936ರ ನವೆಂಬರ್‌ನಲ್ಲಿ ಮ್ಯಾಡ್ರಿಡ್ ಮೇಲೆ ಬಿದ್ದ ಬಾಂಬ್, ಸತ್ತ ಮಕ್ಕಳು ಇದನ್ನೆಲ್ಲಾ ಬರೆದು ಕಳಿಸಿದ್ರೆ ಅವರ ಪತ್ರಿಕೆ ಅರ್ಧಕ್ಕರ್ಧ ಹಾಕ್ಲೇ ಇಲ್ಲ. ಇಂಗ್ಲೆಂಡ್ ರಾಜನ ಪ್ರೇಮ ಪ್ರಕರಣಕ್ಕೆ ಇರೋ ಜಾಗ ಈ ಮಕ್ಕಳ ಸಾವಿಗೆ ಇಲ್ವಾ ಅನ್ನೋ ಅರ್ಥದಲ್ಲಿ ಕೊನೇ ಸಂದೇಶ ಕಳಿಸಿ ಅವರು ವಿಮಾನ ಹತ್ತಿದ್ರು, ದಾರಿಯಲ್ಲಿ ಅದನ್ನ ಹೊಡೆದುರುಳಿಸಿದ್ರು, ಡಿಸೆಂಬರ್‌ನಲ್ಲಿ ತೀರಿಕೊಂಡ್ರು. ಅದೇ ವಾರ ಆ ರಾಜ ಸಿಂಹಾಸನ ಬಿಟ್ಟಿದ್ದು.

ಸುಮಾ_ತುಮಕೂರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಂದಿನಿ ಅವರೇ, ಡೆಲಪ್ರೆ ವಿಷಯ ಓದಿ ಸುಮ್ನೆ ಕೂತ್ಬಿಟ್ಟೆ. ಇನ್ನೊಂದು ಪ್ರಶ್ನೆ, ಟೈಮ್ಸ್ ಪತ್ರಿಕೆ ಆಗ ಜರ್ಮನಿ ಜೊತೆ ರಾಜಿ ಬೇಕು ಅನ್ನೋ ನಿಲುವಿನದ್ದಲ್ವಾ, ಹಾಗಿದ್ದೂ ಸ್ಟೀರ್ ವರದಿ ಹೇಗೆ ಹಾಕಿದ್ರು? ನಮ್ಮ ದೇಶದವರು ಯಾರಾದ್ರೂ ಅಲ್ಲಿಗೆ ಹೋಗಿ ಬರೆದಿದ್ದಾರಾ?

ಗಿರೀಶ್_ಭಟ್:
ಹಾಕಿದ್ರು, ಅದಕ್ಕೆ ಬೆಲೆನೂ ತೆತ್ತರು. ಜರ್ಮನ್ ಪತ್ರಿಕೆಗಳು ಟೈಮ್ಸ್ ಮೇಲೆ ಮುಗಿಬಿದ್ವು. ಟೈಮ್ಸ್ ಸಂಪಾದಕ ಡಾಸನ್ ಅದೇ ವರ್ಷ ಒಂದು ಕಾಗದದಲ್ಲಿ, ಜರ್ಮನರ ಮನಸ್ಸು ನೋಯಿಸೋ ಯಾವುದನ್ನೂ ಪತ್ರಿಕೇಲಿ ಬರದ ಹಾಗೆ ನಾನು ರಾತ್ರಿ ರಾತ್ರಿ ನೋಡ್ಕೊಳ್ತಿದ್ದೀನಿ ಅಂತ ಬರ್ಕೊಂಡಿದ್ದಾರೆ. ಅಂಥವರ ಕೈ ಕೆಳಗಿಂದಾನೂ ಈ ವರದಿ ಹೊರಗೆ ಬಂತು ಅಂದ್ರೆ ಅದರಲ್ಲಿ ಅಲ್ಲಗಳೆಯೋಕಾಗದಷ್ಟು ವಿವರ ಇತ್ತು ಅಂತಾನೇ ನನ್ನ ನಂಬಿಕೆ.

ನಮ್ಮವರ ವಿಷಯ, 1938ರ ಜೂನ್‌ನಲ್ಲಿ ನೆಹರೂ ಬಾರ್ಸಿಲೋನಾಗೆ ಹೋಗಿದ್ರು, ಕೃಷ್ಣ ಮೆನನ್ ಜೊತೆಗಿದ್ರು. ಅಲ್ಲಿದ್ದಾಗ ರಾತ್ರಿ ರಾತ್ರಿ ಬಾಂಬ್ ಬೀಳ್ತಿತ್ತು, ಅದನ್ನ ಅವರು ಬರೆದೂ ಇದ್ದಾರೆ. ಅದಕ್ಕೆ ಮೂರು ತಿಂಗಳ ಹಿಂದೆ, ಮಾರ್ಚ್ 16ರಿಂದ 18ರವರೆಗೆ, ಮಯೋರ್ಕಾ ದ್ವೀಪದಿಂದ ಬಂದ ಇಟಲಿ ವಿಮಾನಗಳು ಅದೇ ಊರಲ್ಲಿ ಸುಮಾರು 1,000 ಜನರನ್ನ ಕೊಂದಿದ್ವು.

ಧಾರವಾಡ_ಮಂದಿ:
ಮೇಡಂ, ಕ್ಲಾಸಿಗೆ ಒಂದು ಕೆಲಸ ಹೇಳ್ತೀನಿ. ನ್ಯೂಯಾರ್ಕ್ ಟೈಮ್ಸ್‌ನವರು ಆವಾಗ ಎರಡೂ ಕಡೆ ಒಬ್ಬೊಬ್ಬರನ್ನ ಇಟ್ಟಿದ್ದರು, ರಿಪಬ್ಲಿಕ್ ಕಡೆ ಹರ್ಬರ್ಟ್ ಮ್ಯಾಥ್ಯೂಸ್, ಫ್ರಾಂಕೋ ಕಡೆ ವಿಲಿಯಂ ಕಾರ್ನಿ. 1937ರ ಕೊನೀಗೆ ತೆರುಯೆಲ್ ಊರು ಫ್ರಾಂಕೋ ಸೈನ್ಯಕ್ಕ ವಾಪಸ್ ಸಿಕ್ಕಿತು ಅಂತ ಕಾರ್ನಿ ಬರದರು, ಸಿಕ್ಕಿರಲಿಲ್ಲ, ಮ್ಯಾಥ್ಯೂಸ್ ಖುದ್ದು ಹೋಗಿ ನೋಡಿ ಬಂದು ಇಲ್ಲ ಅಂತ ಬರದರು. ಎರಡೂ ಕಡೆಗೆ ಸಮ ಜಾಗ ಕೊಟ್ಟರ ನ್ಯಾಯ ಆತು ಅನ್ನೋರಿಗೆ ಇದನ್ನ ತೋರಿಸ್ರಿ. ಆ ಎರಡೂ ವರದಿ ಹುಡುಗರ ಕೈಯಾಗ ಕೊಡ್ರಿ, ಹೆಸರು ಮುಚ್ಚಿ ಕೊಡ್ರಿ, ಇವರಾಗ ಯಾರು ಆ ಊರಾಗ ಕಾಲಿಟ್ಟಿದ್ದರು ಅಂತ ಅವರ ಹುಡುಕಲಿ.