ಗಂಡನ ಕಿಡ್ನಿ ಹೆಂಡತಿಗೆ ಯಾಕೆ ಹೊಂದಲಿಲ್ಲ? ಅಂಗಾಂಗ ಕಸಿಯಲ್ಲಿ ಹೆಣ್ಣು-ಗಂಡಿನ ಅಂತರ: ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ಅಕ್ಕನಿಗೆ ಕಿಡ್ನಿ ಕಸಿ ಆಗಬೇಕು. ಭಾವ ಕೊಡೋಕೆ ತಯಾರಿದ್ದಾರೆ, ಬ್ಲಡ್ ಗ್ರೂಪೂ ಹೊಂದುತ್ತೆ. ಆದರೆ ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂದಿದೆ. ಇಬ್ಬರು ಮಕ್ಕಳಿದ್ದಾರೆ. ಇನ್ನು ದಾರಿ ಇಲ್ವಾ?

ಕಿಡ್ನಿ ತಜ್ಞೆ: ಇದೆ. ಕ್ರಾಸ್‌ಮ್ಯಾಚ್ ಪಾಸಿಟಿವ್ ಎಂದರೆ, ದಾನಿಯ ಜೀವಕೋಶಗಳ ಮೇಲೆ ಬೀಳುವ ಆಂಟಿಬಾಡಿ ಅಕ್ಕನ ರಕ್ತದಲ್ಲಿ ಇರಬಹುದು ಎಂದು. ಮಗುವಿನ ಎಚ್‌ಎಲ್‌ಎಯಲ್ಲಿ (ದೇಹ ತನ್ನದು, ಪರರದು ಎಂದು ಗುರುತಿಸುವ ಜೀವಕೋಶದ ಗುರುತುಗಳು) ಅರ್ಧ ಅಪ್ಪನದು. ಬಸಿರಿನಲ್ಲಿ, ಹೆರಿಗೆಯಲ್ಲಿ ಮಗುವಿನ ಜೀವಕೋಶಗಳು ತಾಯಿಯ ರಕ್ತ ಸೇರಿ, ಅವುಗಳ ವಿರುದ್ಧ ಆಂಟಿಬಾಡಿ ಹುಟ್ಟಬಹುದು. ಮುಂದೆ ಗಂಡನ ಕಿಡ್ನಿಯ ಮೇಲೆ ಬೀಳುವುದೂ ಅವೇ. ಗರ್ಭಪಾತ, ರಕ್ತ ಹಾಕಿಸಿಕೊಂಡದ್ದು, ಹಿಂದಿನ ಕಸಿ ಕೂಡ ಲೆಕ್ಕಕ್ಕೆ ಬರುತ್ತವೆ. ಮನೆಯವರ ಮುಂದೆ ಹೇಳಲಾಗದ್ದನ್ನು ಡಾಕ್ಟರ ಬಳಿ ಒಬ್ಬರೇ ಇದ್ದಾಗ ಹೇಳಲಿ.

ಮೊದಲು ಯಾವ ಕ್ರಾಸ್‌ಮ್ಯಾಚ್ ಎಂದು ಕೇಳಿ. ಎಚ್‌ಎಲ್‌ಎ ಆಂಟಿಬಾಡಿಯಿಂದಲೇ ಸಿಡಿಸಿ ಟಿ-ಸೆಲ್ (ದಾನಿಯ ಬಿಳಿ ರಕ್ತಕಣಗಳು ಸಾಯುತ್ತವೆಯೇ ಎಂದು ನೋಡುವ ಟೆಸ್ಟ್) ಪಾಸಿಟಿವ್ ಆಗಿದ್ದರೆ, ಹಾಗೇ ಕಸಿ ಮಾಡಿದ ಕಿಡ್ನಿ ಗಂಟೆಗಳೊಳಗೆ ಕೆಡಬಹುದು. ಫ್ಲೋ (ಆಂಟಿಬಾಡಿ ಸ್ವಲ್ಪವಿದ್ದರೂ ಹಿಡಿಯುವ, ಹೆಚ್ಚು ಸೂಕ್ಷ್ಮ ಟೆಸ್ಟ್) ಮಾತ್ರ ಪಾಸಿಟಿವ್ ಆಗಿದ್ದರೆ ಅಪಾಯ ಅಷ್ಟಿರುವುದಿಲ್ಲ. ಲೂಪಸ್, ಅಂದರೆ ದೇಹವೇ ತನ್ನ ಮೇಲೆ ಆಂಟಿಬಾಡಿ ಹುಟ್ಟಿಸುವ ಕಾಯಿಲೆ, ಇದ್ದವರಲ್ಲಿ (ಅವರಲ್ಲಿ ಹೆಂಗಸರೇ ಜಾಸ್ತಿ) ಸುಳ್ಳು ಪಾಸಿಟಿವ್ ಬರುವುದುಂಟು. ರೋಗಿಯ ರಕ್ತವನ್ನು ಅವರದೇ ಜೀವಕೋಶಗಳೊಂದಿಗೆ ನೋಡುವ ಆಟೋ ಕ್ರಾಸ್‌ಮ್ಯಾಚ್‌ನಲ್ಲಿ ಅದು ಗೊತ್ತಾಗುತ್ತದೆ. ಆಮೇಲೆ ಸಿಂಗಲ್ ಆಂಟಿಜೆನ್ ಬೀಡ್ ಟೆಸ್ಟ್ ಮಾಡಿಸಿದರೆ ಆಂಟಿಬಾಡಿ ಯಾವ ಎಚ್‌ಎಲ್‌ಎ ವಿರುದ್ಧ, ಎಷ್ಟು ಬಲವಾಗಿದೆ ಎಂಬುದು ತಿಳಿಯುತ್ತದೆ.

ಸ್ವಾಪ್ ಸಿಗುವಂತಿದ್ದರೆ ನನ್ನ ಮೊದಲ ಆಯ್ಕೆ ಅದೇ: ಇನ್ನೊಂದು ಜೋಡಿಯೊಂದಿಗೆ ದಾನಿಗಳ ಅದಲುಬದಲು. ಪ್ಲಾಸ್ಮಾ ಎಕ್ಸ್‌ಚೇಂಜ್ (ರಕ್ತದ ದ್ರವ ಬದಲಿಸುವುದು), ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ), ರಿಟುಕ್ಸಿಮ್ಯಾಬ್ (ಆಂಟಿಬಾಡಿ ಹುಟ್ಟಿಸುವ ಬಿ-ಕಣಗಳನ್ನು ತಗ್ಗಿಸುವ ಔಷಧಿ) ಕೊಟ್ಟು ಆಂಟಿಬಾಡಿ ಇಳಿಸಬಹುದು, ಆದರೆ ಅದು ಮತ್ತೆ ಏರಬಹುದು. ಸೋಂಕಿನ ಭಯವೂ ಇದೆ.

ಎಚ್‌ಎಲ್‌ಎ ಲ್ಯಾಬ್‌ನವರು: ಒಂದು ಸೇರಿಸುತ್ತೇನೆ. ಕಾಯುವಾಗ ಹಿಮೋಗ್ಲೋಬಿನ್ ಇಳಿದರೆ ಐರನ್, ಎರಿಥ್ರೋಪೊಯೆಟಿನ್‌ನಲ್ಲೇ (ಕೆಂಪು ರಕ್ತಕಣ ಹೆಚ್ಚಿಸುವ ಇಂಜೆಕ್ಷನ್) ನಿಭಾಯಿಸಲು ನೋಡಿ. ರಕ್ತ ಹಾಕಲೇಬೇಕಾದರೆ ಬಿಳಿ ಕಣ ಸೋಸಿದ್ದನ್ನು ಕೇಳಿ. ಅದರಿಂದಲೂ ಅಪಾಯ ಪೂರ್ತಿ ಹೋಗುವುದಿಲ್ಲ, ಹಾಗಾಗಿ 2–4 ವಾರ ಬಿಟ್ಟು ಹೊಸ ಸ್ಯಾಂಪಲ್ ಕಳಿಸಿ. ಹಳೆಯ ರಿಪೋರ್ಟ್ ನಂಬಿ ಆಪರೇಷನ್‌ಗೆ ಹೋಗಬೇಡಿ.

ಪ್ರಶ್ನೆ: ಮೇಡಂ, ಹಾಗಾದರೆ ದಾನಿಗಳಲ್ಲಿ ಹೆಂಗಸರು ಹೆಚ್ಚಿರೋದಕ್ಕೆ ಇದೇ ಕಾರಣಾನಾ?

ಕಿಡ್ನಿ ತಜ್ಞೆ: ಸ್ವಲ್ಪ ಮಟ್ಟಿಗೆ. ಗಂಡನಿಗೆ ಬಸಿರಿನ ಆಂಟಿಬಾಡಿ ಇರುವುದಿಲ್ಲ, ನಿಜ. ಆದರೆ ಅಣ್ಣನಿಗೆ ತಂಗಿ ಕೊಡುವುದನ್ನು ಇದು ವಿವರಿಸುವುದಿಲ್ಲವಲ್ಲ! ಅಲ್ಲಿ ಕೆಲಸ ಮಾಡುವುದು ದುಡಿಯುವವನು ಯಾರು ಎಂಬ ಲೆಕ್ಕ, ಮನೆಯ ಒತ್ತಡ. ಅದಕ್ಕೇ ದಾನಿಯನ್ನು ಒಬ್ಬರೇ ಕೂರಿಸಿ ಮಾತಾಡಿಸಬೇಕು. ಆಕೆಗೆ ಇಷ್ಟವಿಲ್ಲದಿದ್ದರೆ, ‘ದಾನಕ್ಕೆ ಸೂಕ್ತರಲ್ಲ’ ಎಂದಷ್ಟೇ ಮನೆಯವರಿಗೆ ತಿಳಿಸುತ್ತೇವೆ. ಮುಂದೆ ಮಗು ಬೇಕೆನ್ನುವ ದಾನಿಗೆ ಇದನ್ನೂ ಹೇಳಬೇಕು: 2015ರ ಕೆನಡಾದ ಅಧ್ಯಯನದಲ್ಲಿ ಬಸಿರಿನ ಬಿಪಿ ಅಥವಾ ಪ್ರಿಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿಪಿ ಏರಿ ಬೇರೆ ಅಂಗಗಳಿಗೂ ತೊಂದರೆಯಾಗುವ ಸ್ಥಿತಿ), ಕಿಡ್ನಿ ಕೊಟ್ಟವರ ಬಸಿರುಗಳಲ್ಲಿ ಶೇ. 11, ಕೊಡದವರಲ್ಲಿ ಶೇ. 5 ಇತ್ತು.

ಪ್ರಶ್ನೆ: ಲಿವರ್‌ಗೂ ಈ ಅಂತರ ಇದೆಯಾ?

ಲಿವರ್ ತಜ್ಞ: ಇದೆ, ಅದೂ ಅಂಕದ ಲೆಕ್ಕದಲ್ಲೇ. ಲಿವರ್ ಕಾಯಿಲೆ ಎಷ್ಟು ತೀವ್ರ ಎಂದು ಅಳೆಯುವ ಮೆಲ್ಡ್ ಅಂಕ ಏರಿದಷ್ಟೂ ಸರದಿ ಬೇಗ ಬರುತ್ತದೆ. ಅದರಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) ಒಂದು ಅಂಶ. ಅದು ಹುಟ್ಟುವುದು ಸ್ನಾಯುವಿನಿಂದ, ಹೆಂಗಸರಲ್ಲಿ ಸ್ನಾಯು ಕಡಿಮೆ. ಹಾಗಾಗಿ ಕಿಡ್ನಿ ಹೆಚ್ಚು ಕೆಟ್ಟಿದ್ದರೂ ಕ್ರಿಯಾಟಿನಿನ್ ಅಷ್ಟು ಏರಿರುವುದಿಲ್ಲ. ವಯಸ್ಸು 60, ಕ್ರಿಯಾಟಿನಿನ್ 1.3 ಎಂದಿಟ್ಟುಕೊಳ್ಳಿ: 2021ರ ಸಿಕೆಡಿ-ಇಪಿಐ ಸೂತ್ರದಲ್ಲಿ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಹೆಣ್ಣಿಗೆ ಸುಮಾರು 47, ಗಂಡಿಗೆ 63. ಹಳೆಯ ಮೆಲ್ಡ್ ಇಬ್ಬರಿಗೂ ಒಂದೇ ಅಂಕ ಕೊಡುತ್ತಿತ್ತು. ಅಮೆರಿಕ 2023ರಲ್ಲಿ ತಂದ ಮೆಲ್ಡ್ 3.0ರಲ್ಲಿ ಹೆಂಗಸರಿಗೆ 1.33 ಅಂಕ ಹೆಚ್ಚುವರಿ. ಆದರೂ ಮೈಕಟ್ಟು ಸಣ್ಣದಾದರೆ ದೊಡ್ಡ ಲಿವರ್ ಹೊಟ್ಟೆಯಲ್ಲಿ ಕೂರುವುದಿಲ್ಲ, ಸರದಿ ಬಂದೂ ತಪ್ಪಿಹೋಗುತ್ತದೆ. ಹೆಸರು ನೋಂದಾಯಿಸುವಾಗಲೇ ‘ಸ್ಪ್ಲಿಟ್ ಲಿವರ್ (ಒಂದೇ ಲಿವರ್ ಅನ್ನು ಇಬ್ಬರಿಗೆ ಹಂಚುವುದು) ಒಪ್ಪುತ್ತೀರಾ?’ ಎಂದು ಆಸ್ಪತ್ರೆಯವರನ್ನು ಕೇಳಿಬಿಡಿ.