ಅಪ್‌ಡೇಟ್: ಉಲ್ಟಾ ಹಾರಿಸಿದ್ರ 35ರ (0.35 ಘನ ಇಂಚಿನ) ಎಂಜಿನ್ ಲೀನ್ (ಇಂಧನ ಕಡಿಮಿ) ಆಗತಿತ್ತಲ್ಲ, ಬಗೆಹರೀತು

ಹೋದ ವಾರ ಕೇಳಿದ್ದೆನಲ್ರೀ, ಪ್ರೊಫೈಲ್ ಸ್ಟಂಟ್ ಮಾಡೆಲ್ (ತಂತಿ ಹಿಡಿದು ಸುತ್ತ ಹಾರಿಸೋ, ಚಪ್ಪಟಿ ಮೈಯ ಕಸರತ್ತಿನ ಸಣ್ಣ ವಿಮಾನ) ನೆಟ್ಟಗ ಹಾರುವಾಗ ಎಂಜಿನ್ ಫೋರ್-ಸೈಕಲ್‌ನಾಗ (ಇಂಧನ ಜಾಸ್ತಿಯಾಗಿ ಸುತ್ತು ಬಿಟ್ಟು ಸುತ್ತು ಉರಕೋತ) ಗುರುಗುಡತೈತಿ, ಉಲ್ಟಾ ಮಾಡಿದ ಕೂಡ್ಲೇ ಕಿರುಚತೈತಿ ಅಂತ.

ಪ್ಲಗ್ ಬದಲಿಸಿದ್ದು, ಇಂಧನದಾಗಿನ ನೈಟ್ರೊ (ನೈಟ್ರೊಮೀಥೇನ್) 5ರಿಂದ 10% ಮಾಡಿದ್ದು ಎರಡೂ ದಂಡ. ನೀಡಲ್ (ಇಂಧನ ಹೆಚ್ಚು-ಕಡಿಮಿ ಮಾಡೋ ಸೂಜಿ) ತೆರೆದ್ರ ಎರಡೂ ಕಡೆ ರಿಚ್ (ಇಂಧನ ಜಾಸ್ತಿ) ಆತೇ ಹೊರತು ಫರಕು ಹೋಗಲಿಲ್ಲ.

ಕೆಲಸ ಮಾಡಿದ್ದು "ಟ್ಯಾಂಕ್ ಇಳಸ್ರಿ" ಅಂದ ಬಾಗಲಕೋಟಿ ಅಣ್ಣಾರ ಮಾತು. 60 ಅಡಿ ಲೈನ್ ಮ್ಯಾಲ ಸ್ಟಾಪ್‌ವಾಚ್ ಹಿಡಿದ್ರ ಒಂದು ಸುತ್ತಿಗೆ ನೆಟ್ಟಗ 5.4 ಸೆಕೆಂಡ್, ಉಲ್ಟಾ 5.0. ಉಲ್ಟಾ ಜೋರು ಹೋತಂದ್ರ ಟ್ಯಾಂಕ್ ಸ್ಪ್ರೇಬಾರ್‌ಗಿಂತ (ಎಂಜಿನ್‌ಗೆ ಇಂಧನ ಬಿಡೋ ನಳಿಗಿಗಿಂತ) ಮ್ಯಾಲ ಐತಿ ಅಂತ ತಿಳೀರಿ: ನೆಟ್ಟಗಿದ್ದಾಗ ಇಂಧನ ತಾನಾಗೇ ಇಳಿದು ರಿಚ್, ಮಗುಚಿದಾಗ ಏರಬೇಕಾಗಿ ಲೀನ್. 1.5 ಮಿ.ಮೀ. ಇಳಿಸಿದ್ರ ನೆಟ್ಟಗ 5.3, ಉಲ್ಟಾ 5.1, ಇನ್ನ ಅರ್ಧ ಮಿ.ಮೀ.ಗೆ ಎರಡೂ 5.2.

ಟ್ಯಾಂಕ್ ಬಿಚ್ಚಿದಾಗ ಇನ್ನೊಂದು ಸಿಕ್ತು. ನಿಪ್ಪಲ್ (ಟ್ಯೂಬ್ ಸಿಗಿಸೋ ತುದಿ) ಹತ್ರ ಇಂಧನದ ಟ್ಯೂಬಿಗೆ ಸೂಜಿಮೊನಿಯಷ್ಟು ತೂತು, ನೀರಾಗ ಮುಳುಗಿಸಿ ಊದಿದ ಮ್ಯಾಲೇ ಗುಳ್ಳಿ ಕಂಡ್ವು. ನಡುನಡುವ ಎಂಜಿನ್ ಗುಟುಕರಿಸತಿದ್ದದ್ದು ಅದರದ್ದ ಕಾಟ. ಅರ್ಧ ಇಂಚು ಕತ್ತರಿಸಿ ಹಾಕಿದೆ.

ಬೆಳಗಾವಿ ಮುಂಜಾನಿ ಥಂಡಿಯಾಗ ನೀಡಲ್ ಒಂದೆರಡು ಕ್ಲಿಕ್ ಜಾಸ್ತಿ ತೆರೀಬೇಕು, ಬಿಸಿಲೇರಿದ ಮ್ಯಾಲ ಮತ್ತ ಮುಚ್ರಿ.